ಭಾರದ ಹೊತ್ತಿನ ಬಾನೆಟ್

ನಮ್ಮೂರಲ್ಲಿ ಸಂಜೆ ಯಾರೂ ಕೈಯಿಂದ ಏನನ್ನೂ ಎತ್ತುವುದಿಲ್ಲ. ಹೊತ್ತು ಮುಳುಗುವ ಮುಂಚೆ ಗಂಟೆ ಹೊಡೆಯುತ್ತದೆ. ಅದು ಕೇಳಿದ ಕೂಡಲೇ ತಲೆ ಮೇಲಿನ ಕೊಡ ಇಳಿಸಬೇಕು, ಕಂಕುಳಲ್ಲಿದ್ದ ಕೂಸನ್ನು ಚಾಪೆಗೆ ಬಿಡಬೇಕು, ಎಲ್ಲಿಯಾದರೂ ಕೂತುಕೊಳ್ಳಬೇಕು. ಆಮೇಲೆ ಚುಕ್ಕಿ ಮೂಡುವವರೆಗೆ ಭಾರದ ಹೊತ್ತು. ಕಬ್ಬಿಣ, ಕುಂಬಳಕಾಯಿ, ಗಂಡ, ಎಲ್ಲವೂ ಎರಡು ಪಟ್ಟು ತೂಗುತ್ತವೆ. ಅದಕ್ಕೇ ನಾವು ರೊಟ್ಟಿ ಬಡಿಯುವುದನ್ನು ಮಧ್ಯಾಹ್ನವೇ ಮುಗಿಸುತ್ತೇವೆ, ಸಂಜೆಯ ಜಗಳವನ್ನು ಕೂತೇ ಆಡುತ್ತೇವೆ. ಬೀಗರು ಆ ಹೊತ್ತಿಗೆ ಬಂದರೆ ಊಟ ಹಾಕಲೇಬೇಕು, ಎದ್ದು ಹೋಗಿರೆಂದರೆ ಅವರಾದರೂ ಹೇಗೆ ಎದ್ದಾರು? ಊರಿನಲ್ಲೊಂದು ಮಾತಿದೆ: ಮುಂಜಾನೆ ಎತ್ತಿದವರೆಲ್ಲ ನೆಂಟರು, ಸಂಜೆ ಎತ್ತಿದವಳೇ ತಾಯಿ. ಮಾತಿಗೇನು, ತಾಯಂದಿರೂ ಎತ್ತುವುದಿಲ್ಲ. ಮಕ್ಕಳೂ ಆ ಹೊತ್ತಿನಲ್ಲಿ ಕೈ ಚಾಚಿ ಅಳುವುದಿಲ್ಲ, ರೂಢಿಯಾಗಿರುತ್ತದೆ.

ನಾನು ನೀಲಗಂಗವ್ವ. ಕೆಳಪೇಟೆಯ ಮೂಲೆಯ ಗ್ಯಾರೇಜು ನನ್ನದು. ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಿನಲ್ಲಿ ಯಾರಾದರೂ ಇದ್ದರೆ ಬಂದು ನನ್ನೆದುರು ನಿಲ್ಲಲಿ. ಗಂಡ ಇದ್ದಾಗ ಬೋರ್ಡಿನ ಮೇಲೆ ಅವನ ಹೆಸರಿತ್ತು, ಕೆಲಸ ಆಗಲೂ ನನ್ನದೇ. ಮಕ್ಕಳಾಗಲಿಲ್ಲ. ಅದನ್ನು ನೆನೆದು ನೆನೆದು ಅಳುವ ಹೆಂಗಸು ನಾನಲ್ಲ. ಪಾನಾ, ಜ್ಯಾಕು, ಗ್ರೀಸಿನ ಡಬ್ಬಿಗಳಿವೆ, ಅವು ಎದುರು ಮಾತಾಡುವುದಿಲ್ಲ.

ಜುಲೇಖಾ ನಮ್ಮೂರ ದವಾಖಾನೆಯ ನರ್ಸು. ಮುಂಚೆ ಇದ್ದ ಡಾಕ್ಟರು ಸಂಜೆಯ ಭಾರ ತಡೆಯಲಾರದೆ ಊರು ಬಿಟ್ಟು ಹೋದರು. ಹೋಗುವಾಗ ತಮ್ಮ ಕೆಂಪು ಸ್ಪೋರ್ಟ್ಸ್ ಕಾರಿನ ಕೀಲಿಯನ್ನು ಅವಳ ಕೈಗಿಟ್ಟು ಹೋದರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಇಷ್ಟುದ್ದ ಮೂಗು. ನರ್ಸಿಗೆ ಯಾತಕ್ಕೆ ಈ ಸೋಗು ಎಂದು ಮೊದಲು ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗುಡ್ಡದ ಮೇಲಿನ ಮೇಲಪೇಟೆಗೆ ಹೋಗುವ ಏರುದಾರಿಯಲ್ಲಿ ಭಾರದ ಹೊತ್ತಿಗೆ ಬಸ್ಸು ಹತ್ತುವುದಿಲ್ಲ, ಜೀಪು ಹತ್ತುವುದಿಲ್ಲ. ಮೈ ಹಗುರ, ಎಂಜಿನ್ ಜೋರು, ಇಂಥ ಗಾಡಿಯೊಂದೇ ಹತ್ತಬಲ್ಲದು.

ಹತ್ತಲೇಬೇಕಿತ್ತು. ಹೋದ ವರ್ಷ ಮೇಲಪೇಟೆಯ ಕುಂಬಾರರ ಸೊಸೆಗೆ ಸಂಜೆ ನೋವು ಬಂತು. ಜುಲೇಖಾ ಚೀಲ ಹಿಡಿದು ಏರಿನ ಬುಡದ ಗೇಟಿನವರೆಗೆ ಹೋದವಳು ಅಲ್ಲೇ ಚುಕ್ಕಿ ಮೂಡುವುದನ್ನು ಕಾದು ನಿಂತಳು. ಮೇಲೆ ಹೋಗಿ ಮುಟ್ಟುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ. ಕಾರು ಕೈಗೆ ಬಂದ ಮೇಲೆ ಒಮ್ಮೆ ಸಂಜೆ ತನ್ನ ಅಂಗಳದಲ್ಲೇ ಬಾನೆಟ್ ತೆರೆದು ನೀರು ಹಾಕುವುದನ್ನು ಕಲಿಯಹೋದಳು. ಬಾನೆಟ್‌ಗೆ ಆನಿಕೆ ಕೊಡುವ ಸಣ್ಣ ಕಡ್ಡಿ ಬಾಗಿತು, ತಗಡು ಬಂದು ಎಡಭುಜದ ಮೇಲೆ ಬಿತ್ತು. ಆವತ್ತಿನಿಂದ ಎಡಗೈ ಎದೆಗಿಂತ ಮೇಲೆ ಏಳುವುದಿಲ್ಲ.

ಏರಿನ ಗೇಟು ಕಾಯುವವನು ಅಡಿವೆಪ್ಪಜ್ಜ. ಸಂಜೆ ಯಾರ ಭಾರ ಅವರದೇ ಎನ್ನುವುದು ಊರ ಕಟ್ಟಳೆ. ಒಬ್ಬರಿಗೆ ಆಗದ್ದನ್ನು ಇಬ್ಬರು ಎತ್ತಹೋಗಿ ಇಬ್ಬರೂ ಅಡಿಗೆ ಬಿದ್ದದ್ದನ್ನು ಕಂಡವರು ಮಾಡಿದ ಕಟ್ಟಳೆ ಅದು. ಜುಲೇಖಾ ಗೇಟು ತೆಗೆಯಿರೆಂದು ಕೇಳಿದಾಗ ಅಜ್ಜ ತಲೆ ಅಲ್ಲಾಡಿಸಿದ.

"ಏರಿನ್ಯಾಗ ಗಾಡಿ ಕುದ್ದ ಕುದೀತೈತಿ, ಯವ್ವಾ. ತಾನ ಬಾನೆಟ್ ತಗದು, ತಾನ ನೀರು ಹಾಕ್ಕೊಂಡು ಹೋಗಾವ್ರಿಗೆ ಅಷ್ಟ ಗೇಟು. ನಿನ್ನ ಕೈ ನೋಡಿದ್ರ ಹಿಂಗೈತಿ. ಅಲ್ಲಿ ನೀ ಬಾನೆಟ್ ಅಡಿ ಸಿಕ್ಕೊಂಡ್ರ ಯಾರು ಬರಬೇಕು?"

ಮಾತು ಕಠಿಣ, ಆದರೆ ಸುಳ್ಳಲ್ಲ. ಮರುದಿನ ಮುಂಜಾನೆ ಅವಳು ನನ್ನ ಗ್ಯಾರೇಜಿನ ಮುಂದೆ ಕಾರು ತಂದು ನಿಲ್ಲಿಸಿದಳು.

"ನೀಲಕ್ಕಾ, ಒಂದ ಕೈಲೆ ಬಾನೆಟ್ ತಗೀಬೇಕು. ತಗದದ್ದು ನಿಂದರಬೇಕು. ಭಾರದ ಹೊತ್ತಿನ್ಯಾಗ. ಆಕ್ಕೈತೇನು?"

"ಒಂದ ಕೈ ಯಾಕ, ಒಂದ ಬೆರಳಿನ್ಯಾಗ ತಗಿಯೂ ಹಂಗ ಮಾಡ್ತೀನಿ. ನಾ ಯಾರಂತ ತಿಳಿದಿ?" ಎಂದೆ.

ಹೇಳಿದ ಮೇಲೆ ಮಾಡಬೇಕಲ್ಲ. ನಮ್ಮೂರಲ್ಲಿ ಏನನ್ನೇ ಏರಿಸಬೇಕಾದರೂ ಇನ್ನೊಂದು ತುದಿಗೆ ಕಲ್ಲು ಕಟ್ಟುತ್ತೇವೆ. ಬಾವಿಗೆ ಕಲ್ಲು, ಗೇಟಿಗೆ ಕಲ್ಲು, ಅಂಗಡಿಯ ಶಟರಿಗೂ ಕಲ್ಲು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಸಂಜೆ ಗೇಟು ಭಾರವಾದರೆ ಕಲ್ಲೂ ಭಾರವಾಗುತ್ತದೆ, ಲೆಕ್ಕ ಸರಿ. ಆದರೆ ಕಾರಿನ ಮೂಗಿಗೆ ಕಲ್ಲು ಕಟ್ಟಿದರೆ ಅದು ಏರು ಹತ್ತೀತೆ? ಅದಕ್ಕೆ ಬಿಡಿಭಾಗದ ಅಂಗಡಿಯ ಪುಖರಾಜನ ಬಳಿ ಹೋದೆ. ಹೊರಗೂರಿನಲ್ಲಿ ಕಾರುಗಳ ಡಿಕ್ಕಿಗೆ ಹಾಕುವ ಗ್ಯಾಸ್ ಶಾಕರ್ ನೋಡಿದ್ದೆ. ಕರಿ ಕೊಳವೆ, ಅದರೊಳಗಿಂದ ಹೊಳೆಯುವ ಸಲಾಕೆ, ಒಳಗೆ ಒತ್ತಿ ತುಂಬಿದ ಗ್ಯಾಸು. ಡಿಕ್ಕಿ ಎತ್ತುವಂಥದ್ದು ಬಾನೆಟ್ ಎತ್ತುವುದಿಲ್ಲವೇ?

"ಬಾನೆಟ್‌ಗೂ ಬರ್ತಾವ, ಅಕ್ಕಾ," ಎಂದ ಪುಖರಾಜ. ಗಲ್ಲೆಯ ಮೇಲೆ ಮೂರು ಜೋಡಿ ಸಾಲಾಗಿ ಇಟ್ಟ. "ನೋಡಾಕ ಎಲ್ಲಾ ಒಂದ. ಜೋರು ಬ್ಯಾರೆ ಬ್ಯಾರೆ. ಬಾನೆಟ್ ಎಷ್ಟು ತೂಗ್ತೈತಿ ಹೇಳು, ಅದಕ್ಕ ಹೊಂದೂವಂಥದ್ದು ಕೊಡ್ತೀನಿ. ನೋಡು, ಕಡಿಮಿ ಆತಂದ್ರ ಬೀಳ್ತೈತಿ, ಹೆಚ್ಚಾತಂದ್ರ ತಗಡು ಬಗ್ಗಿಸ್ತೈತಿ."

"ನನಗ ಕಲಸಬ್ಯಾಡೋ," ಎಂದು ಗದರಿದೆ.

ಬಾನೆಟ್ ಬಿಚ್ಚಿ ತೂಗಿಸಿದೆ. ತೂಗಿಸಿದ್ದು ಮಧ್ಯಾಹ್ನ. ಆ ತೂಕಕ್ಕೆ ಸರಿಯಾಗಿ ನಡುವಿನ ಜೋಡಿ ತಂದೆ. ಎರಡೂ ಕಡೆ ಒಂದೇ ಜೋರಿನವು ಬೇಕು, ಇಲ್ಲದಿದ್ದರೆ ಬಾನೆಟ್ ಸೊಟ್ಟಗಾಗುತ್ತದೆ. ಕೊಳವೆ ಮೇಲೆ, ಸಲಾಕೆ ಕೆಳಗೆ ಬರಬೇಕು, ಆಗಲೇ ಒಳಗಿನ ಎಣ್ಣೆ ಬಾಯಿಯ ಹತ್ತಿರ ನಿಂತು ಸೀಲು ಒಣಗುವುದಿಲ್ಲ. ಬಾನೆಟ್‌ನ ಒಳತಗಡಿಗಷ್ಟೇ ತೂತು ಹಾಕಬೇಕು, ಕೈ ತಪ್ಪಿ ಡ್ರಿಲ್ ಒಂದಿಷ್ಟು ಹೆಚ್ಚು ಇಳಿದರೂ ಮೇಲಿನ ಬಣ್ಣದಲ್ಲಿ ಮೊಡವೆ ಏಳುತ್ತದೆ. ಬಾಗಿದ್ದ ಹಳೆ ಕಡ್ಡಿಯನ್ನು ನೆಟ್ಟಗೆ ಮಾಡಿ, ಅದಕ್ಕೆ ಆನಿಸಿಕೊಂಡೇ ಗುಂಡುತಲೆಯ ಬೋಲ್ಟು ಬಿಗಿದೆ, ಶಾಕರಿನ ಬಟ್ಟಲನ್ನು ಅದರ ಮೇಲಿಟ್ಟು ಒತ್ತಿದೆ. ಟಕ್ ಎಂದಿತು. ಇನ್ನೊಂದು ಬದಿಯೂ ಟಕ್. ಕಡ್ಡಿ ತೆಗೆದೆ. ಬೆರಳಿಟ್ಟರೆ ಬಾನೆಟ್ ಬೆಣ್ಣೆಯಂತೆ ಏರಿತು, ನಿಂತಿತು, ಕೈಯಿಟ್ಟರೆ ಹಾಗೇ ಇಳಿಯಿತು.

"ಸೈ ಅಕ್ಕಾ!" ಎಂದಳು ಜುಲೇಖಾ. ನಾನು ಮೂಗು ಮೇಲೆ ಮಾಡಿ ನಿಂತೆ.

ಗಂಟೆ ಹೊಡೆಯಿತು. ಭಾರ ಬಂದು ಕೂತಿತು. ಬಾನೆಟ್ ತೆರೆದೇ ಇತ್ತು, ಜುಲೇಖಾ ರೇಡಿಯೇಟರಿಗೆ ತಗಡಿನ ಆಲಿಕೆ ಇಟ್ಟು ನೀರಿನ ಡಬ್ಬಿಯ ಕಡೆ ತಿರುಗಿದ್ದಳು. ಶಾಕರುಗಳು ಉಸ್ಸೆಂದು ಒಳಗೆ ಹೋಗತೊಡಗಿದವು. "ತಲಿ ತಗಿ!" ಎಂದು ನಾನು ಕೂಗಿದ್ದೇ ತಡ, ಅವಳು ಹಿಂದೆ ಸರಿದಳು, ಬಾನೆಟ್ ಧಡ್ಡನೆ ಬಿತ್ತು. ಆಲಿಕೆ ಹಪ್ಪಳವಾಯಿತು. ಅವಳು ಬಲಗೈಯಿಂದ ಎಡಭುಜ ಹಿಡಿದುಕೊಂಡು ಆ ಆಲಿಕೆಯನ್ನೇ ನೋಡುತ್ತ ನಿಂತಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನಗೆ ನಾಚಿಕೆಯಾಗಿತ್ತು, ಅದಕ್ಕೆ ಶಾಕರಿಗೇ ಬೈದೆ.

ಎಂಥ ಹುಚ್ಚಿ ನಾನು! ನಮ್ಮೂರವರು ಮಾತ್ರ ಮಾಡುವಂಥ ತಪ್ಪು ಅದು. ಹುಟ್ಟಿದಾಗಿನಿಂದ ಕಲ್ಲು ಕಟ್ಟಿ ಕಟ್ಟಿ, ಎತ್ತುವ ವಸ್ತು ಎಂದರೆ ಸಂಜೆ ತಾನೂ ಜೋರಾಗುತ್ತದೆ ಎಂದು ತಲೆಯಲ್ಲಿ ಕೂತಿತ್ತು. ಕಲ್ಲಿಗೆ ಹೊತ್ತು ಗೊತ್ತು. ಗ್ಯಾಸಿಗೆ ಎಲ್ಲಿ ಗೊತ್ತು? ಮುಂಜಾನೆಯೂ ಅಷ್ಟೇ, ಸಂಜೆಯೂ ಅಷ್ಟೇ, ಹೊರಗೂರಿನ ಮಾಲು.

ಮರುದಿನ ಪುಖರಾಜನ ಅಂಗಡಿಯಿಂದ ಎಲ್ಲಕ್ಕಿಂತ ಜೋರಿನ ಜೋಡಿ ತಂದೆ. ಈ ಸಲ ಸಂಜೆಯೇ ಪರೀಕ್ಷೆ ಮಾಡಿದೆ. ಎರಡು ಪಟ್ಟು ತೂಗುವ ಬಾನೆಟ್ ಮೇಲೆದ್ದು ಗಟ್ಟಿಯಾಗಿ ನಿಂತಿತು. ಗೆದ್ದೆ ಎಂದುಕೊಂಡು ಚೆನ್ನಾಗಿ ಊಟ ಮಾಡಿ ಮಲಗಿದೆ. ಮುಂಜಾನೆ ಎದ್ದು ಎಣ್ಣೆ ನೋಡೋಣವೆಂದು ಚಿಲಕ ಎಳೆದರೆ, ಅಬ್ಬಬ್ಬಾ! ಬಾನೆಟ್ ಹೋರಿಯಂತೆ ನೆಗೆಯಿತು. ಒಂದು ಬಿಜಾಗರಿ ಬಾಗಿತು, ಗಾಜು ಒರೆಸುವ ಕಡ್ಡಿ ಕೊಕ್ಕೆಯಾಯಿತು. ಮುಚ್ಚಲು ಹೋದರೆ ಮುಚ್ಚಲೊಲ್ಲದು. ಅಷ್ಟರಲ್ಲಿ ಬಂದ ಜುಲೇಖಾ ಒಂದು ಕೈಯಲ್ಲಿ ಅಂಚು ಹಿಡಿದು ಜೋತುಬಿದ್ದಳು, ಅವಳ ಕಾಲೇ ನೆಲ ಬಿಟ್ಟವು. ಆ ಭಂಗಿಯಲ್ಲೇ ಅವಳಿಗೆ ನಗು ಬಂತು.

"ನೀಲಕ್ಕಾ, ಹಗಲಿಗೆ ಒಂದು ಕಾರು, ಸಂಜೀಕ ಒಂದು ಕಾರು ತರೋಣೇನು?"

"ನಗು, ನಗು. ನಾ ಇನ್ನೂ ಸತ್ತಿಲ್ಲ," ಎಂದೆ.

ಬಿಜಾಗರಿ ನೇರ ಮಾಡುತ್ತ ಕೂತಿದ್ದೆ. ಜುಲೇಖಾ ಚಹಾ ತರಲು ಒಳಗೆ ಹೊರಟಳು. ಗ್ಯಾರೇಜಿನ ಬಾಗಿಲು ಬಿರುಸು. ಅವಳು ಎಡಮೊಣಕೈಯಿಂದ ಬಿಜಾಗರಿಯ ಹತ್ತಿರ ದೂಡಿದಳು, ಬಾಗಿಲು ಜಗ್ಗಲಿಲ್ಲ. ತುದಿಗೆ ಸರಿದು ಅದೇ ಸೋತ ಮೊಣಕೈಯಿಂದ ದೂಡಿದಳು, ತೆರೆಯಿತು. ಕೈ ಅದೇ, ಜೋರು ಅದೇ, ಜಾಗ ಬೇರೆ. ನಾನು ಸುತ್ತಿಗೆ ಕೆಳಗಿಟ್ಟೆ.

"ಚಹಾ ಆಮ್ಯಾಲ. ಇಲ್ಲಿ ಬಾ!" ಎಂದು ಕೂಗಿದ ದನಿಗೆ ಎದುರಿನ ಮನೆಯವರೂ ಹೊರಗೆ ಬಂದರು.

ಜೋರಿನ ಜೋಡಿಯನ್ನೇ ಇಟ್ಟುಕೊಂಡೆ. ಆದರೆ ಅದರ ತುದಿಗಳಿಗೆ ಎರಡೆರಡು ಜಾಗ ಮಾಡಿದೆ. ದಪ್ಪ ಪಟ್ಟಿ ಕತ್ತರಿಸಿ, ಬಿಜಾಗರಿಯ ಹತ್ತಿರ ಒಂದು ಗುಂಡುಬೋಲ್ಟು, ಮೂಗಿನ ಕಡೆಗೆ ದೂರದಲ್ಲಿ ಇನ್ನೊಂದು. ಹತ್ತಿರದ್ದು ಹಗಲಿನ ಜಾಗ, ಅಲ್ಲಿ ಶಾಕರಿನ ಜೋರು ಸಾಗುವುದಿಲ್ಲ, ಬಾನೆಟ್ ಮೆತ್ತಗೆ ಏಳುತ್ತದೆ. ದೂರದ್ದು ಸಂಜೆಯ ಜಾಗ, ಅಲ್ಲಿ ಪೂರ್ತಿ ಜೋರು ಹತ್ತುತ್ತದೆ. ಬಟ್ಟಲಿನ ತಂತಿಯನ್ನು ಉಗುರಿನಿಂದ ಎಬ್ಬಿಸಿದರೆ ಶಾಕರು ಕಳಚುತ್ತದೆ, ಕಡ್ಡಿಯ ಆನಿಕೆಯಲ್ಲಿ ಒಂದೊಂದೇ ಬದಲಿಸಬಹುದು, ಒಂದೇ ಕೈ ಸಾಕು. ಗಂಟೆ ಹೊಡೆದಾಗ ಊರ ಹೆಂಗಸರೆಲ್ಲ ಕೊಡ ಇಳಿಸುತ್ತಾರೆ. ಜುಲೇಖಾ ಶಾಕರಿನ ಜಾಗ ಬದಲಿಸುತ್ತಾಳೆ. ರಾತ್ರಿ ಚುಕ್ಕಿ ಮೂಡಿದ ಮೇಲೆ ಮತ್ತೆ ಹಗಲಿನ ಜಾಗಕ್ಕೆ ತರುತ್ತಾಳೆ. ಒಂದು ವಾರ ನನ್ನ ಕಣ್ಣೆದುರೇ ಮಾಡಿಸಿದೆ. ಒಂದು ದಿನವೂ ಬಾನೆಟ್ ಬೀಳಲಿಲ್ಲ, ನೆಗೆಯಲಿಲ್ಲ.

ಆಮೇಲೆ ಅಡಿವೆಪ್ಪಜ್ಜನಿಗೆ ಹೇಳಿ ಕಳಿಸಿದೆ: ನಾಳೆ ಸಂಜೆ ಗೇಟಿಗೆ ಬರ್ತೇವಿ, ಪರೀಕ್ಷೆ ಮಾಡ್ಕೋ.

ಭಾರದ ಹೊತ್ತಾದರೂ ಗೇಟಿನ ಬಳಿ ಮಂದಿ ಸೇರಿದ್ದರು. ಮುಂಚೆಯೇ ಬಂದು ಕಟ್ಟೆ ಹಿಡಿದು ಕೂತಿದ್ದರು. ಅಜ್ಜ ತನ್ನ ಕಲ್ಲುಬೆಂಚಿನ ಮೇಲಿಂದ ಕೋಲೂರಿ ಎದ್ದ.

"ಯಾರೂ ಹತ್ತಿರ ಹೋಗಬ್ಯಾಡ್ರಿ. ನೀಲವ್ವಾ, ನೀನೂ. ಕೈ ಹಿಂದ ಕಟ್ಟು."

ಕಟ್ಟಿದೆ. ಜುಲೇಖಾ ಚಿಲಕ ಎಳೆದು ಬಲಗೈಯ ಒಂದು ಬೆರಳನ್ನು ಬಾನೆಟ್ ಅಂಚಿನ ಕೆಳಗೆ ಇಟ್ಟಳು. ಬೆರಳು ಮೇಲೆತ್ತಿದಳು. ಆಮೇಲೆ ಬೆರಳನ್ನೂ ತೆಗೆದುಬಿಟ್ಟಳು. ಬಾನೆಟ್ ತಾನೇ ಏರುತ್ತ ಹೋಯಿತು, ನಿಧಾನಕ್ಕೆ, ಅವಸರವಿಲ್ಲದೆ, ಪೂರ್ತಿ ಮೇಲೆ ಹೋಗಿ ನಿಂತಿತು. ಅಜ್ಜ ಕಾರಿನ ಸುತ್ತ ಬಂದ. ಆ ಹೊತ್ತಿನಲ್ಲಿ ಬಗ್ಗುವುದು ಸಣ್ಣ ಕೆಲಸವಲ್ಲ, ಆದರೂ ಕೋಲು ಹಿಡಿದು ಬಗ್ಗಿ ಕಾರಿನ ಅಡಿಯೆಲ್ಲ ನೋಡಿದ.

"ಕಲ್ಲ ಎಲ್ಲೈತಿ?"

"ಕಲ್ಲಿಲ್ಲ, ಅಜ್ಜಾ," ಎಂದಳು ಜುಲೇಖಾ.

"ಮತ್ತ ಏನ ಇಳೀತು? ಒಂದು ಏರ್ಬೇಕಂದ್ರ ಒಂದು ಇಳೀಬೇಕಲ್ಲ."

"ಏನೂ ಇಳಿದಿಲ್ಲ."

ಅವನು ನಂಬಲಿಲ್ಲ. ತನ್ನ ಕೈಯಿಂದಲೇ ಬಾನೆಟ್ ಅದುಮಿ ಅರ್ಧಕ್ಕೆ ತಂದು ಬಿಟ್ಟ. ಅದು ಮತ್ತೆ ಮೇಲೆದ್ದಿತು. ಇನ್ನೊಮ್ಮೆ ಅದುಮಿದ, ಇನ್ನೊಮ್ಮೆ ಎದ್ದಿತು. ಅಜ್ಜನ ಗಲ್ಲ ಒದ್ದೆಯಾಗಿದ್ದವು.

"ಇಷ್ಟು ವಯಸ್ಸಾತು. ಸಂಜೀಕ ಒಂದು ವಸ್ತು ತಾನ ತಾನ ಮ್ಯಾಲೇಳೂದು ಇವತ್ತ ನೋಡಿದೆ," ಎಂದ.

ಆಗ ಯಾರೋ "ಲಾಟೀನು!" ಎಂದರು. ಮೇಲಪೇಟೆಯ ಗೋಡೆಯಿಂದ ಕೆಂಪು ಲಾಟೀನು ಕೆಳಗಿಳಿಯುತ್ತಿತ್ತು. ಯಾವಳಿಗಾದರೂ ಸಂಜೆ ನೋವು ಬಂದರೆ ಅವರು ಹೀಗೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಾರೆ. ಯಾರೂ ಬರಲಾರರೆಂದು ಅವರಿಗೆ ಗೊತ್ತು. ಕೆಳಗಿನವರು ಕೈ ಮುಗಿಯಲಿ ಎಂದಷ್ಟೇ. ಎಲ್ಲರೂ ಅಭ್ಯಾಸದಂತೆ ಕೈ ಮುಗಿದರು. ಜುಲೇಖಾ ಬಾನೆಟ್ ಮುಚ್ಚಿ ಸೀಟಿನಲ್ಲಿ ಕೂತಾಗಿತ್ತು.

"ಅಜ್ಜಾ, ಗೇಟು."

ಅಜ್ಜ ತಾನೇ ಹೋಗಿ ಚಿಲಕ ತೆಗೆದ. ಕಲ್ಲು ಇಳಿಯಿತು, ಗೇಟು ಏರಿತು. ನಾನು ಇನ್ನೊಂದು ಸೀಟಿಗೆ ನುಗ್ಗಿದೆ.

"ನೀ ಯಾಕ? ನಿನ್ನ ತೂಕಕ್ಕ ಗಾಡಿ ಬೇಗ ಕುದೀತೈತಿ," ಎಂದಳು.

"ಕುದೀಲಿ. ನನ್ನ ಶಾಕರ್ ಏರಿನ್ಯಾಗ ಹೆಂಗ ನಿಲ್ತಾವ ನಾ ನೋಡಬ್ಯಾಡೇನು? ನಡಿ."

"ಕೂತು ಬಾ ಹಂಗಾರ. ಬಾನೆಟ್‌ಗೆ ಕೈ ಹಚ್ಚೂ ಹಂಗಿಲ್ಲ."

ಮೈ ಸೀಟಿಗೆ ಅಂಟಿತ್ತು, ರೆಪ್ಪೆಯೂ ಭಾರ. ಎಂಜಿನ್ನು ಹಲ್ಲು ಕಚ್ಚಿ ಎಳೆಯಿತು. ಅರ್ಧ ಏರು ಮುಗಿದಾಗ ಮೂಗಿನಿಂದ ಹಬೆ ಬಂತು. ಜುಲೇಖಾ ತಿರುವಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ತೆರೆದಳು. ನಾನು ಕೈ ಕಟ್ಟಿಕೊಂಡು ಕೂತೆ. ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಗಾಜಿನ ಮುಂದೆ ಕೆಂಪು ತಗಡು ಎದ್ದು ನಿಂತಿತ್ತು, ಅದರಾಚೆ ಅವಳ ತಲೆ, ಭುಜ, ಎಲ್ಲ ಅದರ ಅಡಿಯಲ್ಲೇ. ಹಬೆ ಇಳಿಯಲೆಂದು ಕಾದಳು, ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದಳು, ನೀರು ಹೊಯ್ದಳು. ತಗಡು ಕೂದಲೆಳೆಯಷ್ಟೂ ಕದಲಲಿಲ್ಲ. ಅವಳು ಬಂದು ಕೂತಾಗ ನಾನೇ ಬೆವೆತು ನೀರಾಗಿದ್ದೆ.

"ನಿಂತಾವಲ್ಲ," ಎಂದಳು.

"ನಿಲ್ಲದ ಏನು," ಎಂದೆ.

ಏರು ಮುಗಿದು ಮೇಲಪೇಟೆಯ ನೇಕಾರರ ಮನೆ. ದುಂಡವ್ವ ಎಂಬ ಹುಡುಗಿ, ಚೊಚ್ಚಲ. ನೆಲದ ಮೇಲೆ ಕಂಬಳಿ, ಅವಳ ತಲೆಯ ಬಳಿ ಗೋಡೆಗೊರಗಿ ಕೂತ ಅತ್ತೆ. ಬಾಗಿಲಲ್ಲಿ ನಮ್ಮನ್ನು ಕಂಡು ಆ ಅತ್ತೆ ದೆವ್ವ ಕಂಡವಳಂತೆ ಬಾಯಿ ತೆರೆದಳು. "ಈ ಹೊತ್ತಿನ್ಯಾಗ ಹೆಂಗ ಬಂದ್ರಿ?" ಜುಲೇಖಾ ಆಗಲೇ ಕಂಬಳಿಯ ಬಳಿ ಮೊಣಕಾಲೂರಿದ್ದಳು. ಕೂಸು ಅಡ್ಡ ತಿರುಗಿತ್ತು. ಅವಳು ಏನು ಮಾಡಿದಳೋ, ಆ ಒಂದೂವರೆ ಕೈಯಲ್ಲಿ ಹೇಗೆ ಮಾಡಿದಳೋ, ನಾನು ಗೋಡೆಯ ಕಡೆ ಮುಖ ಮಾಡಿದ್ದೆ. ಎಂಜಿನ್ನಿನ ಒಳಗು ನೋಡುವ ಧೈರ್ಯ ಬೇರೆ, ಇದು ಬೇರೆ. ಕಡೆಗೆ ಒಂದು ಸಣ್ಣ ಕೀರಲು ದನಿ ಬಂತು. ಹೆಣ್ಣು.

ದುಂಡವ್ವನಿಗೆ ರಕ್ತ ನಿಲ್ಲುತ್ತಿರಲಿಲ್ಲ. ಜುಲೇಖಾಳ ಬಲಗೈ ತಾಯಿಯ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು. ಎಡಗೈ ಕೂಸಿನ ಕೆಳಗಿತ್ತು, ಏಳುತ್ತಿರಲಿಲ್ಲ.

"ನೀಲಕ್ಕಾ, ಕೂಸ ತಗೋ. ನೆಲಾ ತಣ್ಣಗೈತಿ. ಎದಿಗೆ ಹಚ್ಕೋ."

"ನಾನೇನು... ಈಗ? ಸಂಜೀಕ ಯಾರ ಭಾರ..."

"ಕಟ್ಟಳಿ ಆಮ್ಯಾಲ ಹೇಳು. ಎತ್ತು!"

ಮೊಣಕಾಲೂರಿದೆ. ಎರಡೂ ಕೈ ಕೆಳಗೆ ಹಾಕಿದೆ. ಎಂಜಿನ್ನುಗಳನ್ನು ಎತ್ತಿದ ತೋಳು ಇವು, ಆದರೆ ಹಗಲಿನಲ್ಲಿ ಎತ್ತಿದ್ದು. ಆ ಕೂಸು ಭಾರವಿತ್ತು, ನನ್ನವ್ವಾ, ಏನು ಭಾರವಿತ್ತು! ಮುಂಗೈ ಸೆಳೆಯಿತು, ಬೆನ್ನು ಚುಳುಕ್ಕೆಂದಿತು. ಇದಕ್ಕೆ ಶಾಕರಿಲ್ಲ, ಕಲ್ಲಿಲ್ಲ, ಬೇರೆ ಜಾಗವಿಲ್ಲ. ಎದೆಗೆ ತಂದೆ. ಸೆರಗಿನೊಳಗೆ ಒತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕೂರಲು ಹೋದರೆ ಜಾರೀತೆಂದು ಹೆದರಿ ಕೂರಲಿಲ್ಲ. ಗ್ರೀಸಿನ ವಾಸನೆಯ ನನ್ನ ರವಿಕೆಗೆ ಮೂಗು ಹಚ್ಚಿ ಅದು ಅಳುವುದನ್ನು ನಿಲ್ಲಿಸಿತು. ನನಗೆ ಅಳು ಬಂತು. ಅಳುವ ಹೆಂಗಸು ನಾನಲ್ಲ ಎಂದಿದ್ದೆನಲ್ಲ, ಆ ಮಾತು ಹಿಂದೆ ತೆಗೆದುಕೊಂಡಿದ್ದೇನೆ.

ಎಷ್ಟು ಹೊತ್ತು ನಿಂತೆನೋ. ಜುಲೇಖಾ ಕಡೆಗೆ ಕೈ ಒರೆಸಿಕೊಂಡು "ರಕ್ತ ನಿಂತೈತಿ, ತಾಯಿ ಉಳಕೊಂಡ್ಲು," ಎಂದಳು. ಕಿಟಕಿಯಲ್ಲಿ ಚುಕ್ಕಿ ಮೂಡಿತು. ಮೈಯೊಳಗಿನ ಎಲುಬುಗಳೆಲ್ಲ ಒಮ್ಮೆಲೇ ಸಡಿಲಾದವು, ಕೂಸು ಹತ್ತಿಯಷ್ಟು ಹಗುರಾಯಿತು. ಗೋಡೆಗೊರಗಿದ್ದ ಅತ್ತೆ ಎದ್ದು ಬಂದು ಕೈ ಚಾಚಿದಳು.

"ಭಾರ ಹೋತವ್ವಾ. ಇನ್ನ ಇಳಸ್ರಿ, ದಣದಿರಿ."

"ಗೊತ್ತೈತಿ," ಎಂದೆ.

ಇಳಿಸಲಿಲ್ಲ.